ಮೂರನೇ ಭಾಗದ ಊಟ

ಊಟಕ್ಕೆ ಕರೆದವರು ಬರದೇ ಹೋದರೆ ಏನು ಗತಿ ಎಂದು ಚಿಂತೆ ಮಾಡುವವರು ಲೋಕದಲ್ಲಿ ತುಂಬ ಜನ ಇದ್ದಾರೆ. ಬಂದುಬಿಟ್ಟರೆ ಏನು ಗತಿ ಎಂದು ಚಿಂತೆ ಮಾಡುವವಳು ನಾನು. ಈಗ ಐವತ್ತು ಹತ್ತಿರವಾದ ಮೇಲೆ ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ಒಪ್ಪಿಕೊಂಡಿದ್ದೇನೆ. ಆಗ, ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ, ಇನ್ನೂ ಆಸೆ ಇತ್ತು.

ನನ್ನ ಗಂಡ ತಮ್ಮ ಊರು ಬೇರಿಕೆಯ ಹೊಲವನ್ನು ತಮ್ಮನಿಗೆ ಒಪ್ಪಿಸಿ ಹೊಸೂರಿನ ಒಂದು ಫ್ಯಾಕ್ಟರಿಯ ಸ್ಟೋರ್ಸಿಗೆ ಸೇರಿದ್ದರು. ನಾವು ಹಳೇ ಪೇಟೆಯಲ್ಲಿ ಬಾಡಿಗೆಗಿದ್ದೆವು. ಹಿತ್ತಿಲಲ್ಲಿ ಎದೆಮಟ್ಟದ ಗೋಡೆ, ಗೋಡೆಯಾಚೆ ವಕೀಲರ ಮನೆ. ಅಲ್ಲಿ ಮೂರೇ ಜನ: ವಕೀಲರು, ಅವರ ಹೆಂಡತಿ, ವಕೀಲರ ತಾಯಿ. ತಲೆಮಾರುಗಳಿಂದ ಹೊಸೂರಿನಲ್ಲೇ ಇದ್ದ ಬ್ರಾಹ್ಮಣರು. ನಮ್ಮದು ಮುದ್ದೆ, ಭಾನುವಾರಕ್ಕೆ ಕೋಳಿ ಸಾರು, ಮಿಕ್ಕ ದಿನ ಕೋಳಿ ಸಾರಿನ ಮಾತು ನಡೆಯುವ ಮನೆ.

ವಕೀಲರ ಹೆಂಡತಿ ನನ್ನ ವಯಸ್ಸಿನವರು. ಬಟ್ಟೆ ಒಣಹಾಕುವ ಹೊತ್ತಿನಲ್ಲಿ ಗೋಡೆಯ ಮೇಲೆ ಮೊಣಕೈ ಊರಿ ನಾವು ಆಡದ ಮಾತಿಲ್ಲ. ಊರಿಂದ ಅವರೆಕಾಯಿ, ಬದನೆ, ಹುಣಸೆಹಣ್ಣು ಬಂದರೆ ಅರ್ಧ ಗೋಡೆ ದಾಟುತ್ತಿತ್ತು. ಅವರ ಮನೆಯಿಂದ ಹಬ್ಬದ ಹೋಳಿಗೆ, ಪಾಯಸ, ಚಿತ್ರಾನ್ನ ಈ ಕಡೆ ಬರುತ್ತಿದ್ದವು. ಪಾತ್ರೆ ಖಾಲಿ ಹಿಂದಿರುಗಿಸಬಾರದಲ್ಲ, ಅದರಲ್ಲಿ ನಾನು ಹಸಿ ಹುರುಳಿಕಾಯಿ ತುಂಬಿ ಕೊಡುತ್ತಿದ್ದೆ. ಬೇಯಿಸಿದ್ದು ಇತ್ತ ಬರುತ್ತಿತ್ತು, ಬೇಯಿಸದ್ದು ಅತ್ತ ಹೋಗುತ್ತಿತ್ತು. ಇದನ್ನು ಇಬ್ಬರೂ ಎಂದೂ ಬಾಯಿಬಿಟ್ಟು ಆಡಿದವರಲ್ಲ. ನನಗೆ ಅದರಿಂದ ಅವಮಾನವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಗಾಬರಿಯಾಗುತ್ತಿತ್ತು. ಒಂದು ಸಲ ನಾನು ಮಾಡಿದ್ದನ್ನು ಅವರು ಕೂತು ಉಂಡರೆ ಸಾಕು, ಆಮೇಲೆ ನಾನು ಸುಮ್ಮನಿರುತ್ತೇನೆ ಎಂದುಕೊಳ್ಳುತ್ತಿದ್ದೆ. ನಾನು ಯಾವತ್ತೂ ಸುಮ್ಮನಿದ್ದವಳಲ್ಲ ಎಂಬುದು ಬೇರೆ ಮಾತು.

ನಮ್ಮ ಓದಿನ ಗುಂಪು ಕಟ್ಟಿದವರು ಟೀಚರ್. ಗುಮ್ಮಳಾಪುರದವರು, ಹೊಸೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರು, ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರೇ ಇದ್ದರು. ತಮಿಳುನಾಡಿಗೆ ಸೇರಿದ ಆ ಊರಿನಲ್ಲಿ ಓದುವುದಕ್ಕೆ ಕನ್ನಡ ಕಾದಂಬರಿ ಸಿಗುವುದು ಕಷ್ಟ. ಟೀಚರ್ ಬೆಂಗಳೂರಿಗೆ ಹೋದಾಗಲೆಲ್ಲ ಫುಟ್‌ಪಾತಿನಿಂದ ಹಳೆಯ ಪುಸ್ತಕ ಹೊತ್ತು ತರುತ್ತಿದ್ದರು. ಓದುವವರು ನಾಲ್ಕು ಜನ: ಟೀಚರ್, ವಕೀಲರ ಹೆಂಡತಿ, ನಾನು, ಮತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಅವಳು ಮನೆಯಲ್ಲಿ ತೆಲುಗು, ಕೆಲಸದಲ್ಲಿ ತಮಿಳು, ಜಗಳಕ್ಕೆ ಕನ್ನಡ ಆಡುತ್ತಿದ್ದಳು. ಪುಸ್ತಕ ಮಾತ್ರ ಒಂದೇ. ಒಬ್ಬರು ಮುಗಿಸಿ ಇನ್ನೊಬ್ಬರಿಗೆ ಕೊಡುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಟೀಚರ್ ಬ್ಲೇಡು ತೆಗೆದುಕೊಂಡು ಬೆನ್ನು ಸೀಳಿ ಕಾದಂಬರಿಯನ್ನು ನಾಲ್ಕು ಭಾಗ ಮಾಡಿದರು. ದಬ್ಬಳದಲ್ಲಿ ಒಂದೊಂದನ್ನೂ ಹೊಲಿದು ಕಂದು ಕಾಗದದ ರಟ್ಟು ಹಾಕಿ ಹಂಚಿದರು. ತಿಂಗಳಾದ ಮೇಲೆ ಎಲ್ಲರೂ ಒಂದು ಮನೆಯಲ್ಲಿ ಸೇರಿ ಭಾಗಗಳನ್ನು ಬದಲಾಯಿಸಿಕೊಳ್ಳುವುದು.

ಹೀಗಾಗಿ ನಾವು ಯಾವ ಕಥೆಯನ್ನೂ ನೆಟ್ಟಗೆ ಓದಿದವರಲ್ಲ. ಒಬ್ಬಳಿಗೆ ಮದುವೆಗೆ ಮೊದಲೇ ಮೊಮ್ಮಕ್ಕಳು ಕಾಣಿಸುತ್ತಿದ್ದರು. ಇನ್ನೊಬ್ಬಳಿಗೆ ಕೊಲೆ ಮಾಡಿದವನು ಯಾರೆಂದು ಗೊತ್ತಿರುತ್ತಿತ್ತು, ಸತ್ತವನು ಯಾರೆಂದು ಗೊತ್ತಿರುತ್ತಿರಲಿಲ್ಲ. ನಮ್ಮ ಭಾಗದಲ್ಲಿ ಏನಿದೆ ಎಂದು ಇನ್ನೊಬ್ಬರಿಗೆ ಹೇಳಕೂಡದು ಎಂಬುದು ಟೀಚರ್ ಮಾಡಿದ ರೂಲು. ಭಾಗ ಬದಲಾಯಿಸುವ ದಿನ ಯಾರ ಮನೆಯ ಸರದಿಯೋ ಅವರು ತಾವು ಓದಿದ ಭಾಗದಲ್ಲಿ ಬರುವ ಊಟವನ್ನೇ ಮಾಡಿ ಬಡಿಸಬೇಕು ಎಂಬುದು ಎಕ್ಸ್‌ಚೇಂಜಿನ ಹುಡುಗಿ ಮಾಡಿದ ರೂಲು. ಅವಳಿಗೇ ಮೊದಲ ಸಲ ಸಿಕ್ಕಿದ್ದು ಬರೀ ಆಸ್ಪತ್ರೆಯಲ್ಲಿ ನಡೆಯುವ ಭಾಗ. ನಮಗೆಲ್ಲ ಬ್ರೆಡ್ಡು, ಹಾಲು ಕೊಟ್ಟು ಕೂರಿಸಿದಳು. ಟೀಚರ್ ಸರದಿ ಬಂದಾಗ ಅವರ ಭಾಗದಲ್ಲಿ ಕಥಾನಾಯಕ ಉಪವಾಸ ಕೂತಿದ್ದ. ನಿಂಬೆ ಪಾನಕ ಕುಡಿದು ಮನೆಗೆ ಬಂದೆವು. ನನ್ನ ಗಂಡ ಇದಕ್ಕೆ ಪುಸ್ತಕದ ಚೀಟಿ ಎಂದು ಹೆಸರಿಟ್ಟಿದ್ದರು. "ಈ ತಿಂಗಳು ಚೀಟಿ ಯಾರಿಗೆ ಬಿತ್ತು?" ಎಂದು ಕೇಳುವರು.

ಟೀಚರ್ ರಜೆಗೆ ಊರಿಗೆ ಹೋದಾಗ ದಾರಿಯ ಜವಳಗಿರಿ ಕಾಡುರಸ್ತೆಗೆ ಆನೆಗಳು ಇಳಿದಿವೆ ಎಂದು ಯಾರಾದರೂ ಅಂದರೆ, ಟೀಚರ್ ಬಗ್ಗೆ ಎಷ್ಟು ಚಿಂತೆಯಾಗುತ್ತಿತ್ತೋ ಅವರ ಚೀಲದಲ್ಲಿದ್ದ ಭಾಗದ ಬಗ್ಗೆಯೂ ಅಷ್ಟೇ ಆಗುತ್ತಿತ್ತು. ಟೀಚರ್, ಭಾಗ ಎರಡರಲ್ಲಿ ಒಂದೇ ಉಳಿದು ಬಂದರೆ ಯಾವುದಕ್ಕೆ ಹೆಚ್ಚು ಸಂತೋಷಪಡಬೇಕು ಎಂದು ಯೋಚಿಸಿ ಬೆವರಿದ್ದೇನೆ.

ಯಾರ ಮನೆಯಲ್ಲಿ ಏನೇ ಬಡಿಸಲಿ, ವಕೀಲರ ಹೆಂಡತಿ ಒಂದು ಬಾಳೆಹಣ್ಣು ಸುಲಿದು ತಿನ್ನುತ್ತಿದ್ದರು. ಅವರ ಅತ್ತೆ ಓದುವುದಕ್ಕೆ ಕಳಿಸಿದ್ದರು, ಉಣ್ಣುವುದಕ್ಕಲ್ಲ. ನಗುತ್ತಲೇ ತಿನ್ನುತ್ತಿದ್ದರು. ನಮಗೂ ಅಭ್ಯಾಸವಾಗಿ, ಸರದಿ ಬಂದವರು ಮೊದಲು ಬಾಳೆಹಣ್ಣು ತಂದಿಟ್ಟು ಆಮೇಲೆ ಒಲೆ ಹಚ್ಚುತ್ತಿದ್ದೆವು. ಅವರ ಸರದಿ ಬಂದಾಗ ಅಡುಗೆ ಗೋಡೆ ದಾಟಿ ಬರುತ್ತಿತ್ತು, ನಾವು ಮೂವರು ನಮ್ಮ ಹಿತ್ತಿಲಲ್ಲಿ ಉಣ್ಣುತ್ತಿದ್ದೆವು.

ಹೊಸ ಕಾದಂಬರಿಯೊಂದು ಬಂತು. ಟೀಚರ್ ಕೂಡ ಅದನ್ನು ಓದಿರಲಿಲ್ಲ. ಒಂದು ಬ್ರಾಹ್ಮಣರ ದೊಡ್ಡ ಮನೆಯ ಕಥೆ. ಮೊದಲ ಊಟ ನನ್ನ ಸರದಿ, ನನಗೆ ಸಿಕ್ಕಿದ್ದು ಮೂರನೇ ಭಾಗ. ತೆರೆದರೆ ಮೊದಲ ಪುಟದಲ್ಲೇ ಅಡುಗೆ. ಹೆಂಗಸರು ಬೆಳಗಾಗುವ ಮೊದಲೇ ಎದ್ದು ಮಿಂದು ಒಲೆಯ ಮುಂದೆ ಕೂತಿದ್ದಾರೆ. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮೆಣಸಿನಕಾಯಿ ಇಲ್ಲದೆ ಬರೀ ಕಾಳುಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಮನೆಗೆ ಇಬ್ಬರು ದೊಡ್ಡವರು ಬರುತ್ತಾರೆ, ಅವರ ಕಾಲು ತೊಳೆಯುತ್ತಾರೆ, ಅವರದು ಮುಗಿಯುವವರೆಗೆ ಬೇರೆ ಯಾರೂ ಉಣ್ಣುವುದಿಲ್ಲ. ಎಂಥ ಮರ್ಯಾದೆ ಅಂದುಕೊಂಡೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಿದ್ದಾರೆ ಎಂದು ತೀರ್ಮಾನಿಸಿದೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ನನಗೋಸ್ಕರವೇ ಯಾರೋ ಬರೆದ ಹಾಗಿತ್ತು.

ಮಾರನೆಯ ದಿನ ಗೋಡೆಯ ಹತ್ತಿರ ಹೇಳಿದೆ. "ಈ ಸಲ ನಮ್ಮನೇಲಿ ನೀವು ಬರೀ ಬಾಳೆಹಣ್ಣು ತಿಂದು ಎದ್ದೋಗಂಗಿಲ್ಲ ಅಕ್ಕಾವ್ರೇ."

ಅವರು ಹಿಂಡುತ್ತಿದ್ದ ಸೀರೆಯನ್ನು ಇನ್ನಷ್ಟು ಹಿಂಡಿದರು. "ಅತ್ತೆ ಏನಂತಾರೋ."

"ಈರುಳ್ಳಿ ಬೆಳ್ಳುಳ್ಳಿ ಆವತ್ತು ಮನೇಲೇ ಇರಾಕಿಲ್ಲ. ಹೊಸ ಪಾತ್ರೆ. ತಲೆಗೆ ನೀರು ಹಾಕ್ಕೊಂಡು ಮಾಡ್ತೀನಿ."

"ಅಷ್ಟೆಲ್ಲ ಯಾಕ್ರೀ?"

"ನಿಮ್ಮಂತೋರ ಮನೆ ಊಟಾನೇ ನನ್ನ ಭಾಗದಲ್ಲಿ ಬಂದೈತೆ."

"ಯಾವ ಊಟ?"

"ಹೇಳಂಗಿಲ್ಲ. ರೂಲು."

ಎರಡು ದಿನ ಅವರು ಆ ಮಾತೇ ಎತ್ತಲಿಲ್ಲ. ನಾನು ಏನೇನೋ ನೆಪ ಹೂಡಿ ಗೋಡೆಯ ಹತ್ತಿರ ಹೋಗುವುದು, ಬರುವುದು ಮಾಡಿದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮೂರನೆಯ ದಿನ ಅವರೇ ಕರೆದರು. "ಬರ್ತೀನಿ. ಊಟಾನೂ ಮಾಡ್ತೀನಿ. ಅತ್ತೆ ಸುಮ್ಮನಿದ್ದರು, ಬೇಡ ಅನ್ನಲಿಲ್ಲ."

"ಬೇಡ ಅನ್ನಲಿಲ್ಲ ಅಂದ್ರೆ ಹೂಂ ಅಂದಂಗಾ?"

"ನಮ್ಮನೇಲಿ ಅಷ್ಟೇ ಹೂಂ ಅನ್ನೋದು."

ಅಲ್ಲಿಂದ ನನ್ನ ನಿದ್ದೆ ಹೋಯಿತು. ಊಟ ಇಟ್ಟುಕೊಂಡಿದ್ದ ಭಾನುವಾರ ಬರುವುದರೊಳಗೆ ನಾನು ಚಿಂತೆ ಮಾಡಿದ್ದನ್ನೆಲ್ಲ ಬರೆದರೆ ಐದನೇ ಭಾಗ ಆಗುತ್ತಿತ್ತು. ಗೋಡೆಗೆ ಹತ್ತಿದ ಕೋಳಿ ಸಾರಿನ ವಾಸನೆ ಹೋಗಲೆಂದು ಸಾಂಬ್ರಾಣಿ ಹಾಕಿ ಹಾಕಿ ನಾವೇ ಕೆಮ್ಮಿದೆವು. ಸಾರಿಗೆ ಹಲ್ಲಿ ಬಿದ್ದರೆ? ವಡೆ ಕಲ್ಲಾದರೆ? ಈರುಳ್ಳಿ ಬುಟ್ಟಿಯನ್ನು ಹೊತ್ತುಕೊಂಡು ಹೋಗಿ ಬಚ್ಚಲ ಒಲೆಯ ಹಿಂದೆ ಗೋಣಿಚೀಲ ಮುಚ್ಚಿ ಇಟ್ಟೆ. ಸ್ನಾನಕ್ಕೆ ಹೋದ ಗಂಡ ಅಲ್ಲಿಂದಲೇ ಕೂಗಿದರು, "ಏನಮ್ಮಿ ಇದು, ಈರುಳ್ಳಿ ಏನ್ ಕಳ್ತನ ಮಾಡ್ತು? ಇಲ್ಲಿ ಬಚ್ಚಿಟ್ಟಿದ್ದೀಯ?"

"ಮೆತ್ತಗೆ ಮಾತಾಡಿ. ಆಚೆ ಮನೆಗೆ ಕೇಳಿಸ್ತದೆ."

"ಈರುಳ್ಳಿ ವಾಸನೆ ಬಡೀತದೆ ಕಣಮ್ಮಿ, ಕೇಳಿಸಾಕಿಲ್ಲ."

ಭಾನುವಾರ ಮಧ್ಯಾಹ್ನ ಮೂವರೂ ಬಂದರು. ನಡುಮನೆಯಲ್ಲಿ ಬಾಳೆಲೆ ಹಾಕಿದೆ. ವಕೀಲರ ಹೆಂಡತಿ ನಮ್ಮ ಮನೆಯ ಎಲೆಯ ಮುಂದೆ ಕೂತರು. ಆ ಚಿತ್ರವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೆನೆಂದರೆ, ನಿಜವಾಗಿ ಕೂತಾಗ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಒಂದೊಂದಾಗಿ ಬಡಿಸುತ್ತ ಹೋದೆ. ಬಾಳೆಕಾಯಿ ಪಲ್ಯಕ್ಕೆ ಅವರು ನಕ್ಕರು. ಹಾಗಲಕಾಯಿಗೂ ನಗು ಇತ್ತು. ವಡೆ ಬಡಿಸಿದಾಗ ನಗು ಸ್ವಲ್ಪ ನಿಂತಿತು. ಎಳ್ಳುಂಡೆ ಇಟ್ಟಾಗ ಎಲೆಯ ಮೇಲೆ ಬಂದಿದ್ದ ಕೈ ಹಿಂದಕ್ಕೆ ಹೋಗಿ ಮಡಿಲಿನಲ್ಲಿ ಕೂತಿತು.

ಎಕ್ಸ್‌ಚೇಂಜಿನ ಹುಡುಗಿ ಆಗಲೇ ಶುರುಮಾಡಿದ್ದಳು. "ಅಕ್ಕಾ, ವಡೆ ರೊಂಬ ಚೆನ್ನಾಗಿದೆ. ಹಾಗಲಕಾಯಿ ಮಾತ್ರ ಯಾರ ಮೇಲಿನ ಕೋಪಕ್ಕೆ?"

ನಾನು ನಗಲಿಲ್ಲ. ವಕೀಲರ ಹೆಂಡತಿಯ ಕೈಯನ್ನೇ ನೋಡುತ್ತಿದ್ದೆ. ಕೋಳಿಯ ವಾಸನೆ, ಅಂದುಕೊಂಡೆ. ಇಲ್ಲ, ಹಲ್ಲಿ. ಅವರ ಎಲೆಯ ಮೇಲೆ ಬಗ್ಗಿ ಹುಡುಕಿದೆ.

"ನಿಮ್ಮ ಭಾಗ ಎಲ್ಲಿಂದ ಶುರುವಾಗತ್ತೆ?" ಎಂದು ಅವರು ಮೆಲ್ಲಗೆ ಕೇಳಿದರು.

"ಅಡುಗೆಮನೆಯಿಂದ. ದೊಡ್ಡೋರು ಇಬ್ರು ಊಟಕ್ಕೆ ಬತ್ತಾರೆ. ಗಂಡಿನ ಕಡೆಯೋರು."

"ಗಂಡಿನ ಕಡೆಯವರು ಅಂತ ಬರೆದಿದೆಯಾ?"

"ಬರ್ದಿಲ್ಲ. ನಾನೇ ಅಂದ್ಕಂಡೆ."

ಅವರು ಟೀಚರ್ ಕಡೆ ನೋಡಿದರು. ರೂಲು ಮುರಿಯಲು ಅಪ್ಪಣೆ ಕೇಳಿದ ಹಾಗಿತ್ತು. "ನನ್ನ ಹತ್ತಿರ ಇರೋದು ಎರಡನೇ ಭಾಗ. ಅದರಲ್ಲಿ ಆ ಮನೆ ಯಜಮಾನರು ಹೋಗಿಬಿಡ್ತಾರೆ. ಕೊನೇ ಪುಟಕ್ಕೆ ವರ್ಷ ತುಂಬತ್ತೆ. ನಾಳೆ ತಿಥಿ, ಬೇಗ ಏಳಬೇಕು ಅಂತ ಹೆಂಗಸರು ಮಲಗ್ತಾರೆ. ಇದು ತಿಥಿ ಅಡುಗೆ ಕಣ್ರೀ."

ಬ್ಲೇಡು ಸರಿಯಾಗಿ ಸಾವಿಗೂ ಅದರ ಊಟಕ್ಕೂ ನಡುವೆ ಹಾದುಹೋಗಿತ್ತು. ಟೀಚರ್ ತಮ್ಮ ಬೆರಳುಗಳನ್ನು ನೋಡಿಕೊಂಡರು. ಎಕ್ಸ್‌ಚೇಂಜಿನ ಹುಡುಗಿ ಅರ್ಧ ಕಚ್ಚಿದ ವಡೆಯನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡೇ ಕೂತಳು.

ಅವರಿಬ್ಬರ ಮನೆಗಳಲ್ಲಿ ಈ ಅಡುಗೆಯ ಪದ್ಧತಿ ಇರಲಿಲ್ಲ. ನಮ್ಮಲ್ಲೂ ಇಲ್ಲ. ನಾವು ಹಿರಿಯರಿಗೆ ಎಡೆ ಇಡುವಾಗ ಹೋದವರಿಗೆ ಏನು ಇಷ್ಟವೋ ಅದನ್ನಿಡುತ್ತೇವೆ. ಕೋಳಿ ಇಷ್ಟವಿದ್ದರೆ ಕೋಳಿ, ಬೀಡಿ ಇಷ್ಟವಿದ್ದರೆ ಬೀಡಿ. ಎಳ್ಳು ಕಂಡಾಗ ನನಗೆ ನೆನಪಾಗಿದ್ದು ಸಂಕ್ರಾಂತಿ. ಹಲ್ಲಿಯಿಂದ ಆನೆಯವರೆಗೆ ಎಲ್ಲದಕ್ಕೂ ಹೆದರಿದವಳು, ಹೆದರಬೇಕಾದ ಒಂದೇ ಒಂದು ಕಡೆ ಧೈರ್ಯವಾಗಿ ಇದ್ದುಬಿಟ್ಟಿದ್ದೆ. ಮೊದಲನೆಯ ಸಲ ನಮ್ಮ ಮನೆಯಲ್ಲಿ ಉಣ್ಣಲು ಬಂದ ಮುತ್ತೈದೆಗೆ ಸತ್ತವರ ದಿನದ ಊಟ ಬಡಿಸಿದ್ದೆ. ವಕೀಲರು ಮನೆಯಲ್ಲಿ ಚೆನ್ನಾಗಿಯೇ ಇದ್ದರು. ಆ ಗಳಿಗೆಯಲ್ಲಿ ನನಗೆ ಅದೂ ಅನುಮಾನವಾಗಿ, ಎದ್ದು ಹೋಗಿ ಗೋಡೆಯ ಮೇಲಿಂದ ಇಣುಕಿ ನೋಡಬೇಕೆನ್ನಿಸಿತು.

ವಕೀಲರ ಹೆಂಡತಿ ಉಣ್ಣುವ ಹಾಗಿರಲಿಲ್ಲ. ಬಡಿಸಿದ ಎಲೆಯ ಮುಂದಿನಿಂದ ಏಳುವ ಹಾಗೂ ಇರಲಿಲ್ಲ. ಎದ್ದರೆ ಅವರು ಇನ್ನೊಂದು ಸಲ ನಮ್ಮ ಮನೆಯಲ್ಲಿ ಕೂರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಬಾಳೆಹಣ್ಣು ತರ್ಲಾ?" ಎಂದೆ.

ಅವರು ಬೇಡವೆಂದು ತಲೆಯಾಡಿಸಿದರು. "ಮನೇಲಿ ಈರುಳ್ಳಿ ಇದೆಯಾ?" ಎಂದರು.

"ಇಲ್ಲವೇ ಇಲ್ಲ ಅಕ್ಕಾವ್ರೇ. ಒಂದೂ ಇಲ್ಲ. ನಿಮಗೆ ಹೇಳಿದ್ನಲ್ಲ." ಇದೊಂದಾದರೂ ಸರಿಯಾಗಿ ಮಾಡಿದ್ದೇನೆ ಎಂಬ ಹೆಮ್ಮೆಯಿಂದಲೇ ಹೇಳಿದೆ.

"ಇದ್ದಿದ್ದರೆ ಚೆನ್ನಾಗಿತ್ತು. ತಿಥಿ ಅಡುಗೆಗೆ ಈರುಳ್ಳಿ ಬೀಳೋ ಹಾಗಿಲ್ಲ. ಬಿತ್ತು ಅಂದರೆ ಅದು ತಿಥಿ ಅಡುಗೆ ಅಲ್ಲ, ಬರೀ ಊಟ."

ಬಾಗಿಲ ಹೊರಗೆ ಪೇಪರ್ ಓದುತ್ತಿದ್ದ ನನ್ನ ಗಂಡ ಎದ್ದು ಹಿತ್ತಿಲ ಬಚ್ಚಲಿಗೆ ಹೋದದ್ದು ಕೇಳಿಸಿತು. ಗೋಣಿಚೀಲವನ್ನೂ ಬಿಡಿಸದೆ ಬುಟ್ಟಿಯನ್ನು ಹಾಗೇ ತಂದು ಅಡುಗೆಮನೆಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಎಕ್ಸ್‌ಚೇಂಜಿನ ಹುಡುಗಿ ಇಣುಕಿ ನೋಡಿದಳು. "ಒಂದೂ ಇಲ್ಲ ಅಂದ್ರಲ್ಲ ಅಕ್ಕಾ, ಇದು ಇಡೀ ಸಂತೆ."

ಒಗ್ಗರಣೆಗೆ ಬಾಣಲೆ ಇಟ್ಟೆ. "ಇಂಗೂ ಹಾಕಿ," ಎಂದು ವಕೀಲರ ಹೆಂಡತಿ ಕೂತಲ್ಲಿಂದಲೇ ಹೇಳಿದರು. "ಒಣಮೆಣಸಿನಕಾಯಿ ಎರಡು ಮುರಿದು ಹಾಕಿ. ಈರುಳ್ಳಿ ಕೆಂಪಗಾಗಲಿ." ಟೀಚರ್ ಕೂಡ ಬಂದು ಹೆಚ್ಚಿದರು. ಕಣ್ಣು ಉರಿದದ್ದು ಈರುಳ್ಳಿಗೋ ಏನೋ, ಮೂಗು ಒರೆಸಿಕೊಳ್ಳುತ್ತ, "ಮುಂದಿನ ಸಲ ಅಧ್ಯಾಯ ಮುಗಿಯೋ ಕಡೆ ಕತ್ತರಿಸ್ತೀನಿ," ಎಂದರು. ಸಾರಿಗೆ, ಪಲ್ಯಕ್ಕೆ, ಗೊಜ್ಜಿಗೆ, ಒಂದನ್ನೂ ಬಿಡದೆ ಸುರಿದೆ. ಪಾಯಸದ ಮುಂದೆಯೂ ಸೌಟು ಹಿಡಿದು ಒಂದು ಕ್ಷಣ ನಿಂತೆ. ಮನಸ್ಸು ಆ ಸ್ಥಿತಿಯಲ್ಲಿತ್ತು.

"ಎಳ್ಳುಂಡೆ ಮಾತ್ರ ತೆಗೆದುಬಿಡಿ," ಎಂದರು ವಕೀಲರ ಹೆಂಡತಿ.

"ನನಗೆ ಕೊಡಿ," ಎಂದಳು ಎಕ್ಸ್‌ಚೇಂಜಿನ ಹುಡುಗಿ. "ನನಗೆ ಗಂಡನೇ ಇಲ್ಲ, ಯಾರಿಗೇನಾಗತ್ತೆ?"

ಹೊಸ ಎಲೆ ಹಾಕಿ ಎಲ್ಲ ಮತ್ತೆ ಬಡಿಸಿದೆ. ಅವರು ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡರು. ಅವರ ಮನೆಗೆ ಈರುಳ್ಳಿ ಬಾರದು ಎಂಬುದು ನನಗೆ ಗೊತ್ತಿದ್ದದ್ದರಿಂದ ಅವರು ಅಗಿಯುವುದನ್ನೇ ನೋಡಿದೆ. "ಹಾಸ್ಟೆಲ್ಲಲ್ಲಿ ತಿಂದದ್ದು, ಮದುವೆಗೆ ಮುಂಚೆ," ಎಂದು ಯಾರಿಗೆಂದಿಲ್ಲದೆ ಹೇಳಿ ಮತ್ತೆ ಅನ್ನ ಹಾಕಿಸಿಕೊಂಡರು. ಬಯಸಿದ್ದು ಕಣ್ಣೆದುರಿಗೇ ನಡೆಯುತ್ತಿತ್ತು, ನನ್ನ ತಲೆ ಆಗಲೇ ಗೋಡೆಯಾಚೆಗೆ ಹೋಗಿತ್ತು. ಅತ್ತೆಗೆ ವಾಸನೆ ಬಡಿದರೆ? ಇವರು ಏನು ಹೇಳುತ್ತಾರೆ? ಸುಳ್ಳು ಹೇಳಿದರೆ ನನ್ನ ಊಟ ಉಂಡದ್ದು ಮುಚ್ಚಿಡುವ ಕೆಲಸವಾಗುತ್ತದೆ. ನಿಜ ಹೇಳಿದರೆ ಅದೇ ಕೊನೆಯ ಊಟ.

ಅವರು ಹೋದ ಮೇಲೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಕದ್ದು ಕೇಳುವುದು ತಪ್ಪು ಎಂದು ಯೋಚಿಸಿದೆ. ಸೀನು ಬಂದರೆ ಏನು ಮಾಡುವುದು ಎಂದು ಅದಕ್ಕಿಂತ ಹೆಚ್ಚು ಯೋಚಿಸಿದೆ.

"ಕೈ ಏನೇ ವಾಸನೆ?" ವಕೀಲರ ತಾಯಿಯ ಧ್ವನಿ.

"ಈರುಳ್ಳಿ, ಅತ್ತೆ."

"ಹಾಕಲ್ಲ ಅಂದಿದ್ದಳಂತೆ?"

"ಅವರು ಹಾಕಿರಲಿಲ್ಲ. ನಾನೇ ಹಾಕಿಸಿದೆ."

ನಡೆದದ್ದನ್ನೆಲ್ಲ ಹೇಳಿದರು. ಬ್ಲೇಡಿನಿಂದ ಹಿಡಿದು ಗೋಣಿಚೀಲ ಮುಚ್ಚಿದ ಬುಟ್ಟಿಯವರೆಗೆ ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೂತ ನನ್ನ ಕಾಲು ಜೋಮು ಹಿಡಿಯಿತು.

"ಕಥೆ ಬರೆಯೋರನ್ನ ನಂಬ್ಕೊಂಡು ಅಡುಗೆ ಮಾಡಿದರೆ ಹೀಗೇ," ಎಂದರು ಮುದುಕಿ ಕೊನೆಗೆ. "ಇನ್ನೊಂದು ಸಲ ಒಲೆ ಹಚ್ಚೋ ಮುಂಚೆ ಏನು ಮಾಡ್ತೀನಿ ಅಂತ ನನಗೆ ಬಂದು ಹೇಳೋಕೆ ಹೇಳು ಅವಳಿಗೆ."

ನಾನು ತೆವಳಿಕೊಂಡೇ ಒಳಗೆ ಬಂದು ಗಂಡನಿಗೆ ವರದಿ ಒಪ್ಪಿಸಿದೆ. "ಬೈದ್ರಾ, ಕರೆದ್ರಾ? ಏನಂತ ತಿಳ್ಕಳದು?"

"ಎರಡೂ ಅಲ್ಲ ಕಣಮ್ಮಿ," ಎಂದರು ಅವರು. "ಡ್ಯೂಟಿ ಹಾಕವ್ರೆ."

ಮಿಕ್ಕ ಮೂವರ ಸರದಿ ಮುಗಿಯಿತು. ಟೀಚರ್ ಮನೆಯಲ್ಲೂ ಎಕ್ಸ್‌ಚೇಂಜಿನ ಹುಡುಗಿಯ ಮನೆಯಲ್ಲೂ ವಕೀಲರ ಹೆಂಡತಿ ಬಾಳೆಹಣ್ಣನ್ನೇ ತಿಂದರು. ನನಗೆ ಒಳಗೊಳಗೇ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯಾಯಿತು. ನಮ್ಮ ಮನೆಯಲ್ಲೂ ಇನ್ನು ಬಾಳೆಹಣ್ಣೇ ಏನೋ ಎಂದು ಮತ್ತೆ ಚಿಂತೆ ಹತ್ತಿತು. ಹೊಸ ಪುಸ್ತಕ ಬಂದು ನನ್ನ ಸರದಿ ಬಂದಾಗ, ನನ್ನ ಭಾಗದಲ್ಲಿದ್ದದ್ದು ಹಳ್ಳಿಯ ಮನೆಯ ರಾಗಿ ರೊಟ್ಟಿ, ಅವರೆಕಾಳಿನ ಸಾರು. ಅದರಲ್ಲಿ ಯಾರೂ ಸತ್ತಿಲ್ಲ ಎಂದು ಹಿಂದಿನ ಭಾಗದವರನ್ನೂ ಮುಂದಿನ ಭಾಗದವರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ. ರೂಲು ಅಷ್ಟು ಹೊತ್ತಿಗೆ ಸತ್ತಿತ್ತು.

ಆಮೇಲೆ ವಕೀಲರ ಮನೆಗೆ ಹೊರಟೆ. ಅಷ್ಟು ವರ್ಷ ಗೋಡೆಯ ಮೇಲೆಯೇ ಎಲ್ಲ ನಡೆದಿದ್ದರಿಂದ, ಅವರ ಮುಂಬಾಗಿಲಿಗೆ ಬೀದಿ ಸುತ್ತಿ ಹೋಗಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಹೊಸ್ತಿಲಿನ ಈಚೆ ನಿಂತು, ಒಳಗೆ ಕತ್ತಲಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಮುದುಕಿಗೆ ಕೇಳಲೆಂದು ಗಟ್ಟಿಯಾಗಿ, "ರಾಗಿ ರೊಟ್ಟಿ, ಅವರೆಕಾಳು ಸಾರು ಅಮ್ಮಾ," ಎಂದೆ.

ಅವರು ತಲೆ ಎತ್ತಲಿಲ್ಲ. "ಏನು?"

ಮತ್ತೆ ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ನನ್ನನ್ನು ನೋಡಿದರು.

"ಅಲ್ಲಿಂದ ಕೂಗಿದರೆ ನನಗೆ ಕೇಳಿಸಲ್ಲ," ಎಂದರು ಮುದುಕಿ. "ಒಳಗೆ ಬಾ."

ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ಒಳಗೆ ಅಂದರೆ ಎಲ್ಲಿಯವರೆಗೆ ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಕಂಬದ ಹತ್ತಿರ ಒಂದು ಸಲ ನಿಂತು ಅವರ ಮುಖ ನೋಡಿದೆ. ಅವರು ಬೇಡ ಅನ್ನಲಿಲ್ಲ. ಇನ್ನೆರಡು ಹೆಜ್ಜೆ ಮುಂದಕ್ಕೆ ಹೋಗಿ, ಇಷ್ಟು ಹೋಗಬಾರದಿತ್ತೇನೋ ಎಂದುಕೊಳ್ಳುತ್ತಲೇ, ರಾಗಿ ರೊಟ್ಟಿಯಿಂದ ಮತ್ತೆ ಶುರುಮಾಡಿದೆ.